ಬಾಳಪ್ಪನ ಬಾಗಿಲು

ಇವತ್ತು ಬೆಳಿಗ್ಗೆ ನನ್ನ ಫೋನಿಗೆ ಖಾರ ಹತ್ತಿತು. ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವಳಿಗೆ ಇದು ಹೊಸದೇನಲ್ಲ. ನಮ್ಮ ಮನೆಯಲ್ಲಿ ದಿಂಬಿಗೂ ಖಾರ, ದೇವರ ಗಂಟೆಗೂ ಖಾರ. ಮಹಾಗಾಂವದಿಂದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳ ಜೊತೆ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಫೋನು ಸದ್ದು ಮಾಡಿತು. ಕೈ ಒರೆಸಿಕೊಳ್ಳದೆ ತೆರೆದೆ, ಓದಿದೆ, ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದನ್ನು ಅದೇ ಬೆರಳಿನಿಂದ ಒರೆಸಿಕೊಂಡೆ. ಮುಂದಿನದನ್ನು ನಿಮಗೆ ಹೇಳಬೇಕಾಗಿಲ್ಲ. ಒಂದು ಕಣ್ಣು ಮುಚ್ಚಿಕೊಂಡೇ ಉತ್ತರ ಬರೆದೆ: “ಬಾಳಪ್ಪ ಮೀಸೆ ತಿರುವಿ, ‘ಎಲ್ಲಿಂದ ಬಂದಿ? ಯಾಕ ಬಂದಿ?’ ಎಂದು ಗದರಿದ.”

ಆ ಬಾಳಪ್ಪ ನಾನೇ. ಐವತ್ತು ದಾಟಿದ, ಮಂಡಿನೋವಿನ, ಇಬ್ಬರು ಮಕ್ಕಳ ಮದುವೆ ಮುಗಿಸಿದ ಹೆಂಗಸು ನಾನು ಎಂಬುದು ನಿಜ. ಗಾಳಿಕೋಟೆಯ ಹೆಬ್ಬಾಗಿಲು ಕಾಯುವ, ಆರಡಿ ಎತ್ತರದ, ಗಿರಿಜಾ ಮೀಸೆಯ ಬಾಳಪ್ಪ ನಾನು ಎಂಬುದೂ ಅಷ್ಟೇ ನಿಜ. ಗಾಳಿಕೋಟೆಯನ್ನು ನಕ್ಷೆಯಲ್ಲಿ ಹುಡುಕಬೇಡಿ. ಅದು ಹತ್ತಾರು ಜನ ಸೇರಿ ಫೋನಿನೊಳಗೆ ಬರೆಯುತ್ತಾ ಕಟ್ಟಿದ ಊರು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನನ್ನ ಪಾತ್ರ ಏನು ಮಾಡಿತು, ಏನು ಅಂದಿತು ಎಂದು ನಾನು ನಾಲ್ಕು ಸಾಲು ಬರೆಯಬೇಕು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು ತಮ್ಮ ಪಾತ್ರದ ನಾಲ್ಕು ಸಾಲು ಬರೆಯುತ್ತಾರೆ. ಹೀಗೆ ಕಥೆ ನಡೆಯುತ್ತದೆ. ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಬರೆಯುವವರಿಗೂ ಗೊತ್ತಿರುವುದಿಲ್ಲ.

ನನಗೆ ಈ ಹುಚ್ಚು ಹಿಡಿಸಿದವರು ಇಚಲಕರಂಜಿಯ ಮಲ್ಲಣ್ಣ. ನಮ್ಮ ಮನೆಯವರಿಗೆ ದೂರದ ನೆಂಟರು, ಪವರ್‌ಲೂಮ್ ಇಟ್ಟುಕೊಂಡವರು, ಎತ್ತಿನಂಥ ಆಳು. ಮೂರು ವರ್ಷದ ಹಿಂದೆ ಅವರ ಮಗಳ ಸೀಮಂತಕ್ಕೆ ಹೋದಾಗ ಅವರ ಹೆಂಡತಿ ನನ್ನ ಹತ್ತಿರ ದೂರು ಹೇಳಿಕೊಂಡರು: ನಮ್ಮವರು ಫೋನಿನಲ್ಲಿ ಸೂಲಗಿತ್ತಿ ಆಗಿದ್ದಾರೆ. ನಾನು ಊಟದ ಪಂಕ್ತಿಯಲ್ಲೇ ಮಲ್ಲಣ್ಣನನ್ನು ಹಿಡಿದುಕೊಂಡೆ. ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಆರಾಮಾಗಿ ಹೇಳಿದರು: “ಹೌದ್ರಿ ಅಕ್ಕಾರ. ಮುಂಜಾನಿಂದ ಸಂಜೀತನಕ ಲೂಮಿನ ಖಟಖಟ ಕೇಳ್ತೇನಿ. ಒಂದ ತಾಸು ಗಂಗವ್ವ ಆಗಿ ಯಾರದರೆ ಬಾಣಂತನ ಮಾಡ್ತೇನಿ. ಭಾಳ ಸಮಾಧಾನ ಆಗ್ತೇತಿ. ನೀವೂ ಬರ್ರಿ, ಬಾಗಿಲ ಕಾಯೂ ಮನಶ್ಯಾ ಬೇಕಾಗ್ಯಾನ.”

ಬಾಗಿಲು ಕಾಯುವ ಕೆಲಸ ಎಂದಕೂಡಲೇ ಒಪ್ಪಿಬಿಟ್ಟೆ. ಮದುವೆಯಾದಾಗಿನಿಂದ ಬಾಗಿಲು ತೆಗೆಯುವುದೇ ನನ್ನ ಉದ್ಯೋಗ. ಹಾಲಿನವನಿಗೆ, ಹಮಾಲರಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ನೆಂಟರಿಗೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನನ್ನನ್ನು ಕೇಳಿದವರಿಲ್ಲ. ಬಾಳಪ್ಪನ ಕೈಯಲ್ಲಿ ಈಟಿ ಇತ್ತು. ನನಗೆ ಅದು ಬಹಳ ಹಿಡಿಸಿತು.

ಇನ್ನೊಂದು ಕಾರಣ ಕನ್ನಡ. ನಾನು ಗಡಿಯಾಚೆ ಕನ್ನಡನಾಡಿನ ಹಳ್ಳಿಯವಳು, ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಇಲ್ಲಿ ಮನೆಯಲ್ಲಿ ಕನ್ನಡವೇ, ಆದರೆ ಬಾಯಲ್ಲಿ ಮಾತ್ರ. ಅಂಗಡಿಯ ಲೆಕ್ಕ ಮರಾಠಿ, ಮಕ್ಕಳ ಶಾಲೆ ಮರಾಠಿ, ಪೇಟೆಯ ಜಗಳ ಮರಾಠಿ. ಜಗಳ ಬಹಳ ಜೋರಾದರೆ ಕನ್ನಡಕ್ಕೆ ಬರುತ್ತೇವೆ, ಅದು ಬೇರೆ ಮಾತು. ಕನ್ನಡ ಬರೆಯುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಮೊದಲ ದಿನ ಬಾಳಪ್ಪನ ಎರಡು ಸಾಲು ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಹೊತ್ತಿಹೋಯಿತು. ನಮ್ಮ ಮನೆಯವರು ಸಾರಿಲ್ಲದೆ ಮೊಸರನ್ನ ಉಂಡು, ಈ ಬಾಳಪ್ಪ ಯಾರು ಎಂದು ಕೇಳಿದರು. ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ ಅಂದೆ.

ಸೇರಿದ ವಾರವೇ ಬಾಳಪ್ಪ ಎಡವಿದ. ನಾಗ್ಯಾ ಎಂಬ ಕಳ್ಳ ಕೋಟೆಯ ಬಾಗಿಲಿಗೆ ಬಂದಿದ್ದ. ನಾನು ಹುರುಪಿನಲ್ಲಿ ಬರೆದೆ: ಬಾಳಪ್ಪ ಕಳ್ಳನ ಕಪಾಳಕ್ಕೆ ಬಾರಿಸಿದ, ಕಳ್ಳ ಅಳುತ್ತಾ ಕಾಲಿಗೆ ಬಿದ್ದು ತಪ್ಪೊಪ್ಪಿಕೊಂಡ. ಬರೆದು ನನ್ನಷ್ಟಕ್ಕೆ ನಾನು ಬೀಗುತ್ತಿರುವಾಗ, ಕಳ್ಳನನ್ನು ಬರೆಯುವವರಿಂದ ನನಗೊಬ್ಬಳಿಗೇ ಒಂದು ಸಂದೇಶ ಬಂತು: “ಅಕ್ಕಾರ, ನೀವು ಕೈ ಎತ್ತರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಏಟ ಬಿತ್ತೋ ಇಲ್ಲೋ, ನಾಗ್ಯಾ ಅತ್ತನೋ ನಕ್ಕನೋ, ಅದನ್ನ ನಾ ಬರೀಬೇಕ್ರಿ. ನನ್ನ ಮನಶ್ಯಾನ ಬಾಯಾಗ ನೀವು ಮಾತ ಹಾಕಬಾರ್ದು.”

ಗಾಳಿಕೋಟೆಯಲ್ಲಿ ಇರುವುದು ಇದೊಂದೇ ಕಾನೂನು. ನನಗೆ ಮೊದಲು ಸಿಟ್ಟು ಬಂತು. ನಮ್ಮದು ತುಂಬಿದ ಮನೆ, ಇಲ್ಲಿ ಒಬ್ಬರ ಹಸಿವನ್ನು ಇನ್ನೊಬ್ಬರು ಹೇಳುತ್ತಾರೆ, ಒಬ್ಬರ ನೆಗಡಿಗೆ ಇನ್ನೊಬ್ಬರು ಔಷಧಿ ತರಿಸುತ್ತಾರೆ. ಅಂಥ ಮನೆಯವಳಿಗೆ ಕಂಡವರ ಬಾಯಲ್ಲಿ ಮಾತು ಹಾಕಬೇಡ ಎಂದರೆ ಹೇಗೆ? ಆದರೂ ಅಳಿಸಿದೆ. ‘ಬಾಳಪ್ಪ ಕೈ ಎತ್ತಿದ’ ಎಂದಷ್ಟೇ ಬರೆದು ಬಿಟ್ಟೆ. ಕೈ ಎತ್ತಿದ ಬಾಳಪ್ಪ ಮರುದಿನದವರೆಗೂ ಹಾಗೇ ನಿಂತಿದ್ದ. ಆಮೇಲೆ ಉತ್ತರ ಬಂತು. ನಾಗ್ಯಾ ಬಗ್ಗಿದನಂತೆ, ಏಟು ಅವನ ಹಿಂದೆ ನಿಂತಿದ್ದ ಕತ್ತೆಗೆ ಬಿತ್ತಂತೆ, ಕತ್ತೆ ಬಾಳಪ್ಪನ ರುಮಾಲು ಕಚ್ಚಿಕೊಂಡು ಓಡಿತಂತೆ. ನಾನೊಬ್ಬಳೇ ಕೂತು ಬರೆದಿದ್ದರೆ ಆ ಕತ್ತೆ ಹುಟ್ಟುತ್ತಲೇ ಇರಲಿಲ್ಲ. ಆ ಕತ್ತೆಯ ಬೆನ್ನು ಹತ್ತಿ ನಾವು ಒಂದು ತಿಂಗಳು ಬರೆದೆವು.

ಆ ಕಳ್ಳ ಶಿರೋಳಿಯ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೆಲಸ ಮಾಡುವ ಪೂರ್ಣಿಮಾ ಎಂಬ ಹುಡುಗಿ ಎಂದು ತಿಳಿದದ್ದು ಎಷ್ಟೋ ದಿನದ ಮೇಲೆ. ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಬರೆಯುತ್ತಾಳೆ. ಬಾಳಪ್ಪನ ಕೂಡ ಜಗಳವಾಡುತ್ತಲೇ ನನ್ನ ಗೆಳತಿಯಾದಳು. ನನ್ನ ವಯಸ್ಸಿಗೆ ಹೊಸ ಗೆಳತಿಯರು ಸಿಗುವುದಿಲ್ಲ ಎಂದು ನಾನು ಆ ಆಸೆಯನ್ನು ಗಂಟು ಕಟ್ಟಿ ಇಟ್ಟುಬಿಟ್ಟಿದ್ದೆ. ಮಧ್ಯಾಹ್ನದ ಆ ಒಂದು ತಾಸಿಗಾಗಿ ಬೆಳಗಿನ ಕೆಲಸವೆಲ್ಲ ಸರಸರ ಮುಗಿಯತೊಡಗಿತು. ಹೊಸಬರು ಯಾರೇ ಬಂದರೂ ಮೊದಲು ಬಾಳಪ್ಪನನ್ನು ದಾಟಿಯೇ ಕೋಟೆಯೊಳಗೆ ಹೋಗಬೇಕಾದ್ದರಿಂದ, ಅವರಿಗೆ ಆಟ ಕಲಿಸುವ ಹೊಣೆಯೂ ನನ್ನ ಮೇಲೆ ಬಿತ್ತು. ಚಂದಗಡದ ನರ್ಸ್ ಒಬ್ಬಳು ಮೊದಲ ದಿನ ಅಂಜುತ್ತಾ ಒಂದು ಸಾಲು ಬರೆದಿದ್ದಳು, ಈಗ ಪುಟ ತುಂಬಿಸುತ್ತಾಳೆ. ಅಂಜುವವರನ್ನು ಬರೆಯಲು ಹಚ್ಚುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಹೋದ ವರ್ಷ ನಮ್ಮ ಅತ್ತೆಗೆ ಲಕ್ವಾ ಹೊಡೆಯಿತು. ಅತ್ತೆ ಎಂದರೆ ಎಂಥವರು ಎಂದು ನಿಮಗೆ ಹೇಳಬೇಕು. ಮಾವ ತೀರಿಕೊಂಡ ಮೇಲೆ ಅಂಗಡಿಯನ್ನು ಬಾಯಿಯ ಬಲದಿಂದಲೇ ನಡೆಸಿದವರು. ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಸಮಾಧಾನ ಮಾಡುವವರು. ಅವರ ದನಿ ಕೇಳಿದರೆ ಹರಾಜು ಕೂಗುವವನೂ ಒಂದು ಗಳಿಗೆ ತಡೆಯುತ್ತಿದ್ದ. ನನ್ನ ಕೂಡ ಜಗಳವಾಡದ ದಿನವೇ ಇರಲಿಲ್ಲ, ಹಬ್ಬದ ದಿನ ಬೇಗ ಮುಗಿಸುತ್ತಿದ್ದರು ಅಷ್ಟೇ. ಅಂಥವರ ಬಲಗೈ ಬಿತ್ತು, ಮಾತು ನಿಂತಿತು. ಮಾತು ತಿರುಗಿ ಬರಬಹುದು, ಆದರೆ ನಿಧಾನ, ಅವರೇ ಯತ್ನ ಮಾಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು.

ಆ ಗಡಿಬಿಡಿಯಲ್ಲಿ ಗಾಳಿಕೋಟೆ ನನಗೆ ಮರೆತೇ ಹೋಗಿತ್ತು. ಒಂದು ತಿಂಗಳ ಮೇಲೆ, ಅತ್ತೆ ಮಲಗಿದ್ದಾಗ, ಫೋನು ತೆರೆದೆ. ನನ್ನ ಜಾಗಕ್ಕೆ ಬೇರೆ ಯಾರೋ ಬಂದಿರುತ್ತಾರೆ ಅಂದುಕೊಂಡಿದ್ದೆ. ಹಿಂದಿನದನ್ನೆಲ್ಲ ಓದುತ್ತಾ ಹೋದೆ. ವರ್ತಕರ ತಂಡವೊಂದು ಕೋಟೆಯ ಬಾಗಿಲಿಗೆ ಬಂದಿತ್ತು. ‘ಬಾಳಪ್ಪ ಬಾಗಿಲು ತೆಗೆದ’ ಎಂದು ಯಾರು ಬೇಕಾದರೂ ಒಂದು ಸಾಲು ಬರೆಯಬಹುದಿತ್ತು. ಯಾರೂ ಬರೆದಿರಲಿಲ್ಲ. ತಂಡ ಹೊರಗೇ ಡೇರೆ ಹಾಕಿತ್ತು, ಒಲೆ ಹೂಡಿ ರೊಟ್ಟಿ ಬಡಿದಿತ್ತು. ಒಬ್ಬಳಿಗೆ ಅಲ್ಲೇ ಹೆರಿಗೆನೋವು ಬಂದು, ಗಂಗವ್ವನನ್ನು ಬುಟ್ಟಿಯಲ್ಲಿ ಕೂರಿಸಿ ಕೋಟೆಗೋಡೆಯ ಮೇಲಿಂದ ಇಳಿಸಿದ್ದರು. ನಾಗ್ಯಾ ದಿನಾ ಬಾಗಿಲ ಸಂದಿಯಲ್ಲಿ ಇಣುಕಿ, ಒಳಗೆ ಕತ್ತಲಿದೆ, ಏನೂ ಕಾಣಿಸುವುದಿಲ್ಲ, ಆದರೆ ಬಾಳಪ್ಪ ಬಂದೇ ಬರುತ್ತಾನೆ ಎಂದು ಎಲ್ಲರಿಗೂ ಹೇಳಿ ಹೋಗುತ್ತಿದ್ದ.

ಮಲ್ಲಣ್ಣನಿಗೆ ಫೋನ್ ಮಾಡಿದೆ. ನೀವೇ ಬಾಗಿಲು ತೆಗೆಸಿಬಿಡಬೇಕಿತ್ತು, ಪಾಪ ಅಷ್ಟು ಜನ ಹೊರಗೆ ಎಂದೆ. ಅವರ ಹಿಂದೆ ಮಗ್ಗಗಳ ಸದ್ದು ಕೇಳುತ್ತಿತ್ತು. “ಅದ ಹೆಂಗ್ರಿ ಅಕ್ಕಾರ? ಬಾಳಪ್ಪ ಏನರೆ ಅನ್ನಬೇಕಂದ್ರ ನೀವ ಬರಬೇಕ. ನಾವು ಕಾಯ್ತೇವಿ, ನಮಗೇನ ಗಡಿಬಿಡಿ ಐತ್ರಿ?” ಎಂದರು. ನಾನು ಫೋನು ಇಟ್ಟು ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ನನಗಾಗಿ ಯಾರಾದರೂ ಹಾಗೆ ಕಾದದ್ದು ನನಗೆ ನೆನಪಿಲ್ಲ.

ಅದೇ ಹೊತ್ತಿಗೆ ಒಳಗಿನ ಕೋಣೆಯಿಂದ ನಮ್ಮ ಮನೆಯವರ ದನಿ ಬಂತು. ಅವ್ವನಿಗೆ ಚಹಾ ಬೇಡವಂತೆ. ಅತ್ತೆಗೆ ಬೇಡ ಎನ್ನಲು ಬಾಯಿ ಎಲ್ಲಿತ್ತು? ಒಂದು ತಿಂಗಳಿಂದ ನಾವೆಲ್ಲ ಇದೇ ಮಾಡುತ್ತಿದ್ದೆವು. ಅವರು ತುಟಿ ಅಲುಗಿಸುವುದರೊಳಗೆ ನಾವು ಆ ಮಾತು ಮುಗಿಸಿ ಮುಂದೆ ಹೋಗಿರುತ್ತಿದ್ದೆವು. ಆವತ್ತು ನಾನು ಚಹಾ ಮಾಡಿಕೊಂಡು ಹೋಗಿ, ಹೇಗಿದೆ ಎಂದು ಕೇಳಿ, ಎದುರಿಗೆ ಕೂತೆ. ಕೂತೇ ಇದ್ದೆ. “ಸಕ್ರಿ… ಕಡಿಮಿ,” ಅಂದರು ಅತ್ತೆ. ಅವರು ನನ್ನ ಅಡುಗೆಯಲ್ಲಿ ತಪ್ಪು ಹುಡುಕಿದ್ದಕ್ಕೆ ನಾನು ಖುಷಿಪಟ್ಟದ್ದು ಅದೇ ಮೊದಲು.

ಮುಂದಿನ ಭಾನುವಾರ ಕೊಲ್ಹಾಪುರದಿಂದ ಮೈದುನ ಬಂದ. ಮಾತು ಕಲಿಸುವವರು ಅಲ್ಲಿ ಸಿಗುತ್ತಾರೆ, ಅವ್ವನನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದ. ಕರೆದುಕೊಂಡು ಹೋಗಲು ಕಾರನ್ನೇ ತಂದಿದ್ದ. ಅವ್ವ ಬರುತ್ತೇನೆ ಅಂದಿದ್ದಾಳೆ ಎಂದು ಅವನು, ಈ ಮನೆ ಬಿಟ್ಟು ಹೋಗುವುದಿಲ್ಲ ಅಂದಿದ್ದಾಳೆ ಎಂದು ನಮ್ಮ ಮನೆಯವರು. ಅಣ್ಣ ತಮ್ಮಂದಿರ ದನಿ ಏರಿತು. ಅತ್ತೆ ನಡುವೆ ಕೂತು, ಮಾತಾಡಿದವರ ಮುಖವನ್ನು ಸರದಿಯಂತೆ ನೋಡುತ್ತಿದ್ದರು. ಎರಡರಲ್ಲಿ ಒಂದನ್ನೂ ಅವರು ಅಂದಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಇವರ ಕಡೆಯೇ ಇದ್ದೆ. ಅಂಗಡಿಯ ಮುಂದೆ ಅತ್ತೆಗೊಂದು ಕುರ್ಚಿ ಹಾಕಿದ್ದೆವು, ಹೋಗುವವರು ಬರುವವರು ನಿಂತು ಮಾತಾಡಿಸುತ್ತಿದ್ದರು. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗಲಾರರು ಎಂದು ನನಗೆ ಖಾತ್ರಿಯಿತ್ತು. ಆದರೂ ಎದ್ದು ನಿಂತೆ.

“ಇಬ್ಬರೂ ಸುಮ್ನ ಕೂಡ್ರಿ. ಅವರ ಮಾತ ಅವರ ಆಡ್ಲಿ. ಎಷ್ಟ ಹೊತ್ತರೆ ಆಗ್ಲಿ.”

ಅಂದದ್ದು ಬಾಳಪ್ಪನ ದನಿಯಲ್ಲಿ. ಇಬ್ಬರೂ ಕೂತರು. ಚಹಾದ ಮೇಲೆ ಕೆನೆ ಕಟ್ಟಿತು. ಅತ್ತೆಯ ತುಟಿ ಒಮ್ಮೆ ಅಲುಗಿ ನಿಂತಿತು, ಇನ್ನೊಮ್ಮೆ ಅಲುಗಿತು.

“ಕೊಲ್ಲಾಪೂರಕ…” ಅಂದರು. ಒಲ್ಲೆ ಅಂತಾಳೆ ಎನ್ನಲು ಇವರು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ.

“…ಹೋಗ್ತೇನಿ.”

ಇವರ ಮುಖ ಇಳಿಯಿತು. ನನ್ನದೂ ಇಳಿಯಿತು. ಮೈದುನ ಗೆದ್ದ ಹುರುಪಿನಲ್ಲಿ ಏಳಹೋದ, ಅವನನ್ನೂ ಕೂರಿಸಿದೆ. ಅತ್ತೆ ಇನ್ನೂ ಮುಗಿಸಿರಲಿಲ್ಲ.

“ಇಲ್ಲೆ… ಎಲ್ಲಾರೂ… ಅಯ್ಯ ಪಾಪ ಅಂತಾರ. ಅಲ್ಲೆ… ನಾ ಮದಲ ಹೆಂಗ ಇದ್ದೆ… ಯಾರಿಗೂ ಗೊತ್ತಿಲ್ಲ.”

ಅಂಗಡಿಯ ಮುಂದಿನ ಆ ಕುರ್ಚಿ ಅವರಿಗೆ ಸುಖ ಎಂದು ನಾವೇ ಬರೆದುಕೊಂಡಿದ್ದೆವು. ಪೇಟೆಯನ್ನು ಗದರಿಸಿದವರು, ಅದೇ ಪೇಟೆ ನಿಂತು ಮರುಗುವುದನ್ನು ದಿನಾ ನೋಡುತ್ತಾ ಕೂತಿದ್ದರು. ತನ್ನನ್ನು ಅರಿಯದ ಊರೊಂದು ಬೇಕು ಎಂಬ ಆಸೆ ನನಗೇನು ಗೊತ್ತಿಲ್ಲದ್ದೇ? ಮೀಸೆ ಹಚ್ಚಿಕೊಂಡು ನಾನು ಕೋಟೆಯ ಬಾಗಿಲಿಗೆ ಹೋಗಿ ನಿಂತದ್ದೂ ಅದಕ್ಕೇ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಇದ್ದು, ಅತ್ತೆಗೂ ನನಗೂ ಒಂದೇ ಆಸೆ ಎಂದು ಗೊತ್ತಾಗಲು ಅವರ ಮಾತು ನಿಲ್ಲಬೇಕಾಯಿತು. ಅತ್ತೆ ನನ್ನ ಕಡೆ ತಿರುಗಿದರು. ಅವರ ಬಾಯಿ ಒಂದು ಬದಿಗೆ ನಕ್ಕಿತು.

“ಮಾತ ಕಲತ… ಬರ್ತೇನಿ. ನಿನ್ನ ಕೂಡ… ಜಗಳಾ ಉಳದೇತಿ.”

ಅವರು ಹೋಗಿ ಕೆಲವು ತಿಂಗಳಾದವು. ಆಗಾಗ ಮೈದುನ ಫೋನು ಹಚ್ಚಿ ಅವರ ಎಡಗೈಗೆ ಕೊಡುತ್ತಾನೆ. ಇವತ್ತು ಮಧ್ಯಾಹ್ನವೂ ಹಚ್ಚಿದ್ದ. ನಾನು ಪಡಸಾಲೆಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದೆ. ಊಟಕ್ಕೆಂದು ಅಂಗಡಿಯಿಂದ ಬಂದ ನಮ್ಮ ಮನೆಯವರು, ಹೂಂ ಇಲ್ಲ ಹಾಂ ಇಲ್ಲ, ಸುಮ್ಮನೆ ಕೂತ ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

“ಯಾರ ಫೋನ? ಕಟ್ ಆಗೇತೇನ?”

“ಇಲ್ರಿ. ಅತ್ಯಾರ ಮಾತಾಡಾಕತ್ತಾರ.”

ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತು, ಕಿವಿಯನ್ನು ಫೋನಿನ ಹತ್ತಿರ ತಂದರು. ಆ ಕಡೆಯಿಂದ ಮೊದಲ ಮಾತು ಇನ್ನೂ ಬರಬೇಕಾಗಿತ್ತು.