ಬಜೆಟ್ಟಿನಲ್ಲಿ ಇಲ್ಲದ ಆಸ್ಯಮ್ಮ

ಟೀವಿ ತರುವಾಗ ದಾರಿಯಲ್ಲೇ ಒಡೆಯಬಹುದು. ಮೊಳೆ ಹೊಡೆಯುವಾಗ ಮುರಕಲ್ಲಿನ ಗೋಡೆಯೇ ಉದುರಬಹುದು. ವೋಲ್ಟೇಜ್ ಏರಿಳಿದು ಆಂಪ್ಲಿಫೈಯರ್ ಸುಡಬಹುದು. ಇಲಿ ವಯರು ಕಡಿಯಬಹುದು. ಸಬ್‌ವೂಫರಿನ ಸದ್ದಿಗೆ ಪಕ್ಕದ ಮನೆಯ ಆಸ್ಯಮ್ಮ ಜಗಳಕ್ಕೆ ಬರಬಹುದು. ಎಲ್ಲಕ್ಕಿಂತ ಮೇಲೆ, ಸಿಡಿಲು. ಕಳೆದ ವರ್ಷ ತುಲಾ ತಿಂಗಳ ಗುಡುಗು ಮಳೆಯ ಹೊತ್ತಿನಲ್ಲಿ ಮನೆಯಲ್ಲೊಂದು ಹೋಮ್ ಥಿಯೇಟರ್ ಮಾಡಿಸಲು ಹೊರಟಾಗ ನಾನು ಹೆದರಿದ್ದು ಇಷ್ಟಕ್ಕೇ ಅಲ್ಲ. ಉಳಿದದ್ದನ್ನು ಬರೆದರೆ ಓದುವವರೂ ಹೆದರಿಯಾರು.

ಶೋಕಿಗೆ ಮಾಡಿಸಿದ್ದಲ್ಲ. ನನ್ನ ಹೆಂಡತಿ ಲಿಲ್ಲಿಗೆ ಸಿನಿಮಾ ಎಂದರೆ ಪ್ರಾಣ. ಬೆನ್ನಿನ ಆಪರೇಷನ್ ಆದ ಮೇಲೆ ಥಿಯೇಟರಿನ ಕುರ್ಚಿಯಲ್ಲಿ ಕೂರಲಾಗದೆ, ಒಮ್ಮೆ ಇಂಟರ್‌ವಲ್‌ಗೂ ಮೊದಲೇ ಎದ್ದು ಬಂದೆವು. ಮಲಗಿಕೊಂಡೇ ನೋಡುವಂಥ ಥಿಯೇಟರ್ ಮನೆಯಲ್ಲೇ ಆಗಲಿ ಎಂದು ಪಿ.ಎಫ್.ನಿಂದ ದುಡ್ಡು ತೆಗೆದೆ. ಇನ್ನೊಮ್ಮೆ ತೆಗೆಯುವ ಹಾಗಿರಲಿಲ್ಲ.

ಬಜೆಟ್ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ತಲೆಯ ಕಡೆ ಎತ್ತರಿಸಬಹುದಾದ ಮಂಚ ಸೇರಿದ್ದೇ ಲೆಕ್ಕ ಮೀರಿತು. ಕೊನೆಗೆ, ಸಿಡಿಲಿನಿಂದ ಕಾಯುವ ಪೆಟ್ಟಿಗೆಯನ್ನೇ ಕೈಬಿಟ್ಟೆ!

"ಮಾಸ್ಟ್ರೆ, ನಿಮ್ಮದು ಗುಡ್ಡೆಯ ಮೇಲಿನ ಮನೆ. ಅದು ಬೇಕೇ ಬೇಕು" ಎಂದ ಎಲೆಕ್ಟ್ರಿಷಿಯನ್ ಸುರೇಶ.

"ನಾನಿಲ್ವಾ ಮಾರಾಯ? ಮೋಡ ಕಂಡ್ರೆ ಪ್ಲಗ್ ಎಳೀಲಿಕ್ಕೆ ನನಗೆ ಸಂಬಳ ಕೂಡ ಬೇಡ" ಎಂದೆ.

ಎಲ್ಲ ಜೋಡಿಸಿದ ಮರುದಿನವೇ ಲಿಲ್ಲಿಯ ತಪಾಸಣೆಗೆ ಮಂಗಳೂರಿಗೆ ಹೊರಟೆವು. ಆಕಾಶ ತಿಳಿಯಾಗಿತ್ತು. ಬೆಕ್ಕಿಗೆ ಅನ್ನ ಹಾಕಲು ಎಂದಿನಂತೆ ಆಸ್ಯಮ್ಮನ ಕೈಯಲ್ಲಿ ಬೀಗದ ಕೈ ಕೊಟ್ಟೆ. ಪ್ಲಗ್ ಎಳೆಯಲು ಮರೆತೆ. ನೆನಪಾದದ್ದು ಸಂಜೆ, ವಾಪಸು ಬರುತ್ತ ಕಾರು ಕುಂಬಳೆ ತಲುಪುವಾಗ, ನಮ್ಮ ಗುಡ್ಡೆಯ ಕಡೆ ಆಕಾಶ ಸೀಳಿದಾಗ. ಆಸ್ಯಮ್ಮನಿಗೆ ಫೋನು ಮಾಡಿದೆ, ಎತ್ತಲಿಲ್ಲ.

"ಹೋದ್ರೆ ಹೋಯ್ತು. ನಾನು ಮೊಬೈಲಿನಲ್ಲಿ ನೋಡ್ತೇನೆ" ಎಂದಳು ಲಿಲ್ಲಿ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮನೆ ಮುಟ್ಟಿದಾಗ ಅಂಗಳದಂಚಿನ ತೆಂಗಿನ ತಲೆ ಹೊಗೆಯಾಡುತ್ತಿತ್ತು. ಜಗಲಿಯಲ್ಲಿ ಆಸ್ಯಮ್ಮ ಒದ್ದೆಮುದ್ದೆಯಾಗಿ, ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗುಡುಗು ಕೇಳಿದರೆ ಕಿವಿಗೆ ಕೈಯಿಟ್ಟು ಒಳಗೆ ಸೇರುವ ಹೆಂಗಸು.

"ಎಲ್ಲ ಎಳೆದು ಹಾಕಿದ್ದೇನೆ ಮಾಸ್ಟ್ರೆ. ಫೋನು ಮನೆಯಲ್ಲೇ ಬಿಟ್ಟು ಓಡಿದ್ದು. ಎಷ್ಟು ವಯರು ಉಂಟು ಮಾರಾಯ್ರೆ ನಿಮ್ಮದು! ಯಾವುದು ಎಂತದ್ದು ಅಂತ ಗೊತ್ತಾಗ್ಲಿಲ್ಲ, ಸಿಕ್ಕಿದ್ದೆಲ್ಲ ಎಳೆದೆ."

"ನಿಮಗೆ ಹೆದರಿಕೆ ಆಗ್ಲಿಲ್ವಾ?" ಎಂದಳು ಲಿಲ್ಲಿ.

"ಆಗದೆ? ಆದ್ರೆ ಲಿಲ್ಲಿಬಾಯಿ, ನೀವು ಸರಿಯಾಗಿ ಒಂದು ಸಿನೆಮಾ ನೋಡದೆ ಎಷ್ಟು ಸಮಯ ಆಯ್ತು?"

ಕೆಳಗಿನ ಎರಡು ಮನೆಗಳಲ್ಲಿ ಟೀವಿ, ಫ್ಯಾನು ಸುಟ್ಟಿದ್ದವು. ನಮ್ಮಲ್ಲಿ ಒಂದು ಬಲ್ಬೂ ಹೋಗಿರಲಿಲ್ಲ. ಜಗಳಕ್ಕೆ ಬಂದಾರು ಎಂದು ನಾನು ಹೆದರಿದ್ದವರೇ ಆ ಮಿಂಚಿನಲ್ಲಿ ಅಂಗಳ ದಾಟಿ ಬಂದಿದ್ದರು. ಒಳಗೆ ಹೋಗಿ ಅವರಿಗೆ ಚಹಾ ಇಟ್ಟೆ. ಆ ವಾರವೇ ಸುರೇಶನನ್ನು ಕರೆಸಿ ಪೆಟ್ಟಿಗೆಯನ್ನೂ ಹಾಕಿಸಿದೆ. ಈಗಲೂ ಮೋಡ ಕಂಡರೆ ನನಗೆ ಮೊದಲು ನೆನಪಾಗುವುದು ಸಿಡಿಲಲ್ಲ, ಜಗಲಿಯಲ್ಲಿ ಕೂತ ಆಸ್ಯಮ್ಮ.

ಆ ಭಾನುವಾರ ಮಧ್ಯಾಹ್ನ ಮೊದಲ ಸಿನಿಮಾ. ಲಿಲ್ಲಿ ಮಂಚದಲ್ಲಿ ಒರಗಿದಳು, ಪಕ್ಕದ ಒಳ್ಳೆಯ ಕುರ್ಚಿ ಆಸ್ಯಮ್ಮನಿಗೆ. ಗೋಡೆ ಉದುರಲಿಲ್ಲ, ವಯರು ಸುಡಲಿಲ್ಲ, ಲಿಲ್ಲಿಯ ಬೆನ್ನೂ ನೋಯಲಿಲ್ಲ. ಕೊನೆಗೆ ಕೊಲೆಗಾರ ಮುಖವಾಡ ತೆಗೆಯಬೇಕು, ಅಷ್ಟರಲ್ಲಿ ಹಿಂದಿನ ಸ್ಪೀಕರಿನಿಂದ ಸಿನಿಮಾದ ಗುಡುಗು ಮೊಳಗಿತು.

ಆಸ್ಯಮ್ಮ "ಯಾ ಅಲ್ಲಾ!" ಎನ್ನುತ್ತ ಎದ್ದು ಓಡಿ, ಪ್ಲಗ್ ಎಳೆದುಬಿಟ್ಟರು.