ತೆಗ್ಗಿನ ದಂಡೆಯ ಮೇಲೆ ಕೂತವರು

ಗಾಳಿ, ದೆವ್ವ ಎಂಬುದನ್ನು ನಾನು ನಂಬಿದವಳಲ್ಲ. ನಮ್ಮ ಓಣಿಯಲ್ಲಿ ಯಾರಿಗಾದರೂ ಮೈಮೇಲೆ ಬಂತೆಂದರೆ ಎಲ್ಲರೂ ನೋಡಲು ಓಡುತ್ತಿದ್ದರು, ನಾನು ಹಿಟ್ಟು ನಾದುತ್ತ ಕೂತಿರುತ್ತಿದ್ದೆ. ಓದಿದವಳೇನೂ ಅಲ್ಲ, ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು. ಆದರೂ ಕಂಡದ್ದನ್ನಷ್ಟೇ ನಂಬುವ ಹಟ ಇತ್ತು. ಈಗ ಬರೆಯುತ್ತಿರುವ ಸಂಗತಿಯನ್ನು ನಾನು ಕಣ್ಣಾರೆ ಕಂಡಿಲ್ಲ. ಅಲ್ಲಿ ಇರಬೇಕಾಗಿದ್ದವಳು ಇರಲಿಲ್ಲ, ಅದೇ ನನ್ನ ತಪ್ಪು. ಓದಿ ನೀವು ನನ್ನನ್ನು ಬೈದುಕೊಂಡರೆ ಅದಕ್ಕೆ ನಾನು ತಕ್ಕವಳೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ವಿಜಯಪುರಕ್ಕೆ ನಾವು ಬಿಜಾಪುರವೆಂದೇ ಅನ್ನುತ್ತಿದ್ದೆವು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಗಳಲ್ಲಿ ಕೂತು ಹರಿದ ಗೋಣಿಚೀಲ ಹೊಲಿಯುತ್ತಿದ್ದ. ಇಡೀ ದಿನ ಒಂದೇ ಕಡೆ ಕೂತು ಮಾಡುವ ಕೆಲಸ. ಅದಕ್ಕೇ ಇರಬೇಕು, ಅವನಿಗೆ ಊರು ತಿರುಗುವ ಹುಚ್ಚು. ರವಿವಾರ ಗೋಳಗುಮ್ಮಟದ ತೋಟದಲ್ಲಿ ಬುತ್ತಿ ಬಿಚ್ಚುತ್ತಿದ್ದೆವು, ಇಲ್ಲವೆಂದರೆ ಭೂತನಾಳ ಕೆರೆಯ ದಂಡೆಗೆ ನಡೆದು ಹೋಗುತ್ತಿದ್ದೆವು. ಸಾಲಿಗೆ ಸೂಟಿ ಬಿಟ್ಟಾಗ ಇನ್ನೂ ದೂರ ಹೋಗಬೇಕು ಅನ್ನುತ್ತಿದ್ದ. ಲಾಡ್ಜು, ಖಾನಾವಳಿ ನಮ್ಮ ಕೈಗೆ ಎಟುಕದ ಮಾತು. ಹಾಗಾಗಿ ಯಾರಿಗೂ ಬೇಡವಾದ ಚೀಲಗಳನ್ನು ಬಿಚ್ಚಿ, ದಬ್ಬಣದಿಂದ ಕೂಡಿಸಿ, ತಾನೇ ಒಂದು ಡೇರೆ ಹೊಲಿದ. ಅದರೊಳಗೆ ಮಲಗಿದರೆ ಜೋಳ, ಕುಸುಬೆ, ಮೆಣಸಿನಕಾಯಿ ಎಲ್ಲದರ ವಾಸನೆ ಒಟ್ಟಿಗೆ ಬರುತ್ತಿತ್ತು. ಸೀನು ಬೇರೆ. ಅಂಗಡಿಯ ಮಾಲು ಹೇರುವ ಮಹಿಬೂಬ ಕಾಕಾ ತಮ್ಮ ಚಕ್ಕಡಿ ಕೊಡುತ್ತಿದ್ದರು. ಎತ್ತಿನ ಹಗ್ಗ ಅಪ್ಪನ ಕೈಗೆ ಹಾಕುವಾಗಲೆಲ್ಲ ಅವರದು ಒಂದೇ ಮಾತು, "ಬಾದಶಾನ ಸವಾರಿ ಹೊಂಟಿತ ನೋಡ್ರಿ, ಡೇರೆ ಸಮೇತ."

ಆ ಬೇಸಿಗೆಯಲ್ಲಿ ಮೊದಲ ದಿನ ರಾತ್ರಿಯ ವಸ್ತಿ ತಿಕೋಟಾದ ಹತ್ತಿರ, ಮರುದಿನದ್ದು ಬಬಲೇಶ್ವರದ ಕಡೆ ಎಂದು ಅಪ್ಪ ಗೊತ್ತು ಮಾಡಿದ್ದ. ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡಳು. ನನಗೆ ಹದಿನಾರು, ತಮ್ಮ ಬಸುಗೆ ಎಂಟು. ದಾರಿಯುದ್ದಕ್ಕೂ ಅವನು ಚಕ್ಕಡಿ ಹತ್ತುವುದು, ಇಳಿಯುವುದು, ನನ್ನ ಜಡೆ ಎಳೆಯುವುದು.

ನಮ್ಮ ಮನೆಯಲ್ಲಿ ವಸ್ತಿಗೆ ಒಂದು ಕಟ್ಟಳೆಯಿತ್ತು. ರಾತ್ರಿ ಬಯಲಿನಲ್ಲಿ ಹೊರಗಿನಿಂದ ಯಾರಾದರೂ ಕರೆದರೆ ಮೂರು ಸಲ ಕರೆಯುವವರೆಗೆ 'ಓ' ಅನ್ನಬಾರದು. ಮನುಷ್ಯರಾದರೆ ಮೂರನೇ ಸಲವೂ ಕರೆಯುತ್ತಾರೆ, ಮತ್ತೊಂದಾದರೆ ಎರಡಕ್ಕೇ ನಿಲ್ಲಿಸುತ್ತದೆ ಎಂದು ಅಪ್ಪನ ನಂಬಿಕೆ. ಬಸು ಕಣ್ಣರಳಿಸಿ ಕೇಳುತ್ತಿದ್ದ, ನಾನು ನಗುತ್ತಿದ್ದೆ.

ತಿಕೋಟಾ ದಾಟಿ ಒಂದು ಬೇವಿನ ಮರದ ಕೆಳಗೆ ಇಳಿದೆವು. ರಸ್ತೆಗೆ ಹಾಕಲು ಗರಸು ಮಣ್ಣು ಅಗೆದು ಒಯ್ದ ಆಳದ ತೆಗ್ಗುಗಳು ಆಚೆ ಇದ್ದವು. ಎತ್ತು ಕಾಯಲೆಂದು ಅಪ್ಪ ಅವ್ವ ಚಕ್ಕಡಿಯ ಮಗ್ಗುಲಿಗೆ ಮಲಗಿದರು, ನಾನೂ ಬಸೂ ಡೇರೆಯೊಳಗೆ. ಗಾಳಿ ಬಹಳ ಇತ್ತು. ಡೇರೆಯ ಬಟ್ಟೆ ಪಟಪಟ ಬಡಿದು ನನಗೆ ನಿದ್ದೆ ಹತ್ತಲಿಲ್ಲ.

ಎಷ್ಟೋ ಹೊತ್ತಿಗೆ ಬಸು ನನ್ನನ್ನು ಅಲುಗಿಸಿದ. ಹೊರಗೆ ಹೋಗಬೇಕಾಗಿತ್ತು, ಜೊತೆಗೆ ಬಾ ಅಂದ. ನಾನು ಎಚ್ಚರಿದ್ದೆ, ಆದರೂ ಉಸಿರು ಎಳೆದು ನಿದ್ದೆ ಬಂದವಳಂತೆ ಬಿದ್ದುಕೊಂಡೆ. ಅವನು ಒಬ್ಬನೇ ಹೋದ. ಸ್ವಲ್ಪ ಹೊತ್ತಾದ ಮೇಲೆ "ಅಕ್ಕಾ" ಎಂದು ಕೇಳಿಸಿತು. ಮತ್ತೊಮ್ಮೆ, ಇನ್ನೂ ಸಣ್ಣಗೆ, "ಅಕ್ಕಾ." ಅವನದೇ ದನಿ, ನನಗೆ ಸಂಶಯವಿರಲಿಲ್ಲ. ಆದರೆ ಅಪ್ಪನ ಕಟ್ಟಳೆ ಇದೆಯಲ್ಲ, ಮೂರನೇ ಸಲ ಕರೆಯಲಿ ಅಂದುಕೊಂಡೆ. ಯಾವ ಮಾತಿಗೆ ದಿನಾ ನಗುತ್ತಿದ್ದೆನೋ ಅದನ್ನೇ ಆಗ ಹೊದ್ದುಕೊಂಡೆ. ಮೂರನೆಯದು ಬರಲಿಲ್ಲ. ಅವ್ವನ ಮಗ್ಗುಲಿಗೆ ಹೋಗಿ ಮಲಗಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಎದ್ದು ನೋಡಿದ್ದರೆ ನಾಲ್ಕು ಹೆಜ್ಜೆ. ಎದ್ದು ಕೂಡುವುದು, ಮತ್ತೆ ಮಲಗುವುದು, ಈ ಮಗ್ಗುಲು, ಆ ಮಗ್ಗುಲು. ಹಾಗೇ ಬೆಳಗಾಯಿತು.

ಚಹಾಕ್ಕೆ ಒಲೆ ಹೂಡುತ್ತ ಅವ್ವ ಬಸುನನ್ನು ಎಬ್ಬಿಸು ಅಂದಾಗಲೇ ಅವನು ರಾತ್ರಿ ಅವಳ ಮಗ್ಗುಲಿಗೆ ಹೋಗಿರಲಿಲ್ಲ ಎಂಬುದು ನನಗೆ ಗೊತ್ತಾಯಿತು. ಅಪ್ಪನೇ ಅವನನ್ನು ಹುಡುಕಿದ. ಗರಸಿನ ತೆಗ್ಗಿನೊಳಗೆ ಬಿದ್ದಿದ್ದ, ಎಡಗಾಲು ಮುರಿದು ಬಾತುಕೊಂಡಿತ್ತು. ಆಶ್ಚರ್ಯವೆಂದರೆ ಹುಡುಗ ಅಳುತ್ತಿರಲಿಲ್ಲ. ಮುಖದ ಮೇಲೆ ಭಯದ ಗುರುತೂ ಇರಲಿಲ್ಲ. ಅವ್ವ ಅವನನ್ನು ತಬ್ಬಿ ಅಳತೊಡಗಿದರೆ ಅವನೇ ಅವಳಿಗೆ ಹೇಳಿದ, "ಅಳಬ್ಯಾಡ ಬೇ. ಅಕ್ಕ ಇದ್ದಳಲ್ಲ. ರಾತ್ರೆಲ್ಲ ಮ್ಯಾಲ ಕುಂತು ನನ್ನ ಕೂಡ ಮಾತಾಡಿದಳು."

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವನ ಅಳು ಸಿಟ್ಟಾಯಿತು. "ರಾತ್ರೆಲ್ಲ ಇಲ್ಲಿ ಕುಂತಿ, ನಮ್ಮನ್ನ ಎಬ್ಬಿಸಾಕ ಏನ ಧಾಡಿಯಾಗಿತ್ತ ನಿನಗ?"

ನಾನು ಬಂದೇ ಇರಲಿಲ್ಲ ಎನ್ನಬೇಕಾಗಿತ್ತು. ಬಾಯಿಂದ ಬಂದದ್ದು ಬೇರೆ. "ಅವನ್ನ ಒಬ್ಬನ್ನ ಬಿಟ್ಟು ಬರಾಕ ಧೈರ್ಯ ಆಗಲಿಲ್ಲ ಬೇ" ಅಂದೆ. ಅಪ್ಪ ನನ್ನ ತಲೆ ಸವರಿದ. ಆ ಕೈಯ ಭಾರ ನನಗೆ ಇಂದಿಗೂ ಇಳಿದಿಲ್ಲ.

ಬಬಲೇಶ್ವರಕ್ಕೆ ಹೋಗಲಿಲ್ಲ. ತಿಕೋಟಾದಲ್ಲಿ ಎಲುಬು ಕೂಡಿಸುವವರ ಹತ್ತಿರ ಕಾಲು ಕಟ್ಟಿಸಿ ಚಕ್ಕಡಿ ತಿರುಗಿಸಿದೆವು. ನಾನು ಬಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನೋವಿಗೆ ಭ್ರಮೆಯಾಗಿರಬೇಕು, ಕನಸು ಕಂಡಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಗ ಅವನು ಅಪ್ಪನಿಗೆ ಕೇಳಿಸದಂತೆ ಹೇಳಿದ, "ಅಕ್ಕಾ, ನನ್ನ ಎತ್ತಿಕೊಳ್ಳಾಕಂತ ನಿನ್ನ ಸಾಲಿ ಬಿಡಿಸಿದ್ದು ನೀ ರಾತ್ರಿ ಹೇಳೂತನಕ ನನಗ ಗೊತ್ತಿರಲಿಲ್ಲ. ಅದಕ್ಕ ನನ್ನ ಮ್ಯಾಲ ಇಷ್ಟ ಸಿಟ್ಟಿತ್ತನು ನಿನಗ? ಈಗ ಹೋತಿಲ್ಲೋ?"

ನಿಜ ಹೇಳುತ್ತೇನೆ. ಅವನು ಹುಟ್ಟಿದ ವರ್ಷವೇ ನನ್ನ ಸಾಲಿ ಬಿಡಿಸಿದ್ದರು. ಆ ಸಿಟ್ಟನ್ನು ನಾನು ಯಾರ ಮುಂದೂ ಆಡಿರಲಿಲ್ಲ. ಹಿಂದಿನ ರಾತ್ರಿ ಡೇರೆಯಲ್ಲಿ, ಅವನು ಕರೆದಾಗ, ಕೌದಿಯೊಳಗೆ ಮುಖ ಮುಚ್ಚಿಕೊಂಡು ನಾನು ನೆನೆಸುತ್ತಿದ್ದದ್ದು ಅದನ್ನೇ. ಇವನಿಗಾಗಿ ಇನ್ನೂ ಎಷ್ಟು ಸಲ ಏಳಲಿ ಎಂದು. ತುಟಿ ಕೂಡ ಅಲುಗಿಸಿರಲಿಲ್ಲ.

"ಹೋತು" ಅಂದೆ. ಮತ್ತೇನು ಅನ್ನಲಿ?

ಅಪ್ಪ ಮತ್ತೆ ಡೇರೆ ಬಿಚ್ಚಲಿಲ್ಲ. ಬಸು ಮಾತ್ರ ಆ ಕಥೆಯನ್ನು ಕಂಡವರಿಗೆಲ್ಲ ಹೇಳುತ್ತ ಬೆಳೆದ. ನನ್ನ ಮದುವೆಯಲ್ಲಿ ಬೀಗರಿಗೂ ಹೇಳಿದ. ಮುಂದೆ ಬಸ್ಸಿನ ಕಂಡಕ್ಟರ್ ಆದ. ಯಾರೂ ಒಪ್ಪದ ವಸ್ತಿ ಗಾಡಿಗಳನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಕನಮಡಿಯಂಥ ಊರುಗಳ ಹೊರಗೆ, ಡ್ರೈವರ್ ಊರೊಳಗೆ ಹೋದ ಮೇಲೆ, ಕತ್ತಲಲ್ಲಿ ನಿಂತ ಬಸ್ಸಿನೊಳಗೆ ಒಬ್ಬನೇ ಮಲಗುತ್ತಿದ್ದ. ಅಂಜಿಕೆ ಬರಂಗಿಲ್ಲೇನು ಎಂದರೆ, "ನಮ್ಮಕ್ಕ ಒಂದ ರಾತ್ರಿ ಕಾದಾಳ, ಇನ್ನ ಜಲ್ಮಕ್ಕ ಸಾಕು" ಅನ್ನುತ್ತಿದ್ದ. ಆ ಮಾತು ಕೇಳಿದ ದಿನ ನನಗೆ ಮನೆಯಲ್ಲಿ ಒಂದು ಕಡೆ ಕೂಡಲು ಆಗುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಹೋದ ವರ್ಷ ಅವನ ಮಗಳು ಹಾಸ್ಟೆಲ್ಲಿಗೆ ಹೊರಟಾಗ ನಾನು ಅಲ್ಲಿದ್ದೆ. ಅವನು ತೆಗ್ಗಿನ ಕಥೆ ಹೇಳಿ, "ನಿಮ್ಮ ಅತ್ತಿಯಂಗ ಗಟ್ಟಿ ಎದಿ ಇರಬೇಕು ನೋಡು" ಅಂದ. ಹುಡುಗಿ ನನ್ನ ಕಾಲಿಗೆ ಬಿದ್ದಳು. ನನಗೆ ತಡೆಯಲಾಗಲಿಲ್ಲ. ಅವಳು ಹೋದ ಮೇಲೆ ಕಟ್ಟೆಯ ಮೇಲೆ ಕೂತು ಬಸುಗೆ ಎಲ್ಲ ಹೇಳಿದೆ. ಎಚ್ಚರಿದ್ದದ್ದು, ಎರಡು ಸಲ ಕೇಳಿಸಿದ್ದು, ಹೋಗದೇ ಇದ್ದದ್ದು. ಮೊದಲು ನಕ್ಕ. ಚಾಷ್ಟಿ ಮಾಡಬ್ಯಾಡ ಅಂದ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಅವನು ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಹಂಗಾರ ಅದು ಯಾರಕ್ಕಾ?" ಅಂದ.

ನನ್ನ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಆ ಭಾರ ಅವನ ಮೇಲೆ ಹೋಗಿ ಕೂತಿತು. ಬಸು ವಸ್ತಿ ಗಾಡಿ ಬಿಟ್ಟಿದ್ದಾನೆ, ಸಾಹೇಬರಿಗೆ ಕೈಮುಗಿದು ಹಗಲಿನ ಡ್ಯೂಟಿ ಹಾಕಿಸಿಕೊಂಡಿದ್ದಾನೆ. ದೀಪ ಹಚ್ಚಿಕೊಂಡೇ ಮಲಗುತ್ತಾನೆ ಎಂದು ಅವನ ಹೆಂಡತಿ ಹೇಳುತ್ತಾಳೆ. ಆಗಾಗ ಫೋನ್ ಮಾಡಿ, ಊಟ ಆಯಿತೇ ಎಂದು ಕೇಳಿ, ಆಕೆಯ ದನಿ ನಿನ್ನದೇ ಇತ್ತಲ್ಲಕ್ಕಾ, ನೀ ಬಂದಿರಲೇ ಇಲ್ಲ ಅನ್ನೋದು ನಿನಗೆ ಚಲೋ ನೆನಪೈತಿಲ್ಲೋ ಎನ್ನುತ್ತಾನೆ. ನೆನಪಿದೆ ಎನ್ನುತ್ತೇನೆ. ಆಮೇಲೆ ಫೋನ್ ಇಡಲಿಕ್ಕೆ ಇಬ್ಬರಿಗೂ ಆಗುವುದಿಲ್ಲ.