ಕಾಫಿ ಹೂವಿಗೆ ರಜೆಯಿಲ್ಲ

ವಾಣಿಶ್ರೀಗೆ ಸುಳ್ಳು ಹೇಳಿಕೊಟ್ಟವಳು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಡಚ್ಚರ ನಾಡಿನ ಜೂಟರ್‌ಮೀರ್‌ನಲ್ಲಿ ನಮ್ಮದು ಎದುರುಬದುರು ಮನೆ. ಊರಾಚೆಯ ಗಾಜಿನಮನೆಯಲ್ಲಿ ಹೂವಿನ ಕಟ್ಟು ಕಟ್ಟುವುದು ಅವಳ ಕೆಲಸ. ಅಲ್ಲಿ ಹೂವು ಕೂಡ ಕ್ಯಾಲೆಂಡರ್ ನೋಡಿಕೊಂಡೇ ಅರಳುತ್ತದೆ. ಮಂಗಳವಾರ ಅಂದರೆ ಮಂಗಳವಾರ. ಅವಳ ಊರಿನ ಹೂವಿಗೆ ಆ ಶಿಸ್ತಿಲ್ಲ. ಚಿಕ್ಕಮಗಳೂರಿನಿಂದ ಮೇಲೆ, ಗುಡ್ಡದ ನೆತ್ತಿಯಲ್ಲಿ, ನಲವತ್ತು ಮನೆಗಳ ಹಳ್ಳಿ ಅದು. ಬೇಸಿಗೆಯ ಮೊದಲ ಮಳೆ, ಅಂದರೆ ಹೂಮಳೆ, ಯಾವತ್ತು ಬೀಳುತ್ತದೋ ಅಂದಿನಿಂದ ಒಂಬತ್ತನೇ ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗೆ. ಹೂ ಉದುರೀತೆಂದು ಮೂರು ದಿನ ಆಳುಗಳನ್ನು ತೋಟದೊಳಗೆ ಬಿಡುವುದಿಲ್ಲ. ತಾಯಿಯಿಲ್ಲದ ವಾಣಿಯನ್ನು ತೋಟದ ಕೂಲಿಯಲ್ಲೇ ಸಾಕಿದ ಅಕ್ಕ ಗಿರಿಜಾ, ಅವಳ ಪಾಲಿಗೆ ಪೂರ್ತಿಯಾಗಿ ಸಿಗುತ್ತಿದ್ದುದು ಆ ಮೂರು ದಿನ.

ವಯಸ್ಸಾಯಿತೆಂದು ಈ ಮಾರ್ಚ್ ಕೊನೆಗೆ ಗಿರಿಜಕ್ಕನ ಕೆಲಸ ಮುಗಿಯುತ್ತಿತ್ತು. ಕೆಲಸ ಮುಗಿದರೆ ತೋಟದವರು ಕೊಟ್ಟ ಲೈನ್ ಮನೆಯನ್ನೂ ಬಿಡಬೇಕು. ಆ ಮನೆಯಲ್ಲಿ ಇದೇ ಕೊನೆಯ ಹೂವು. ವಾಣಿಯ ಮಗ ಚಿರಂತನನನ್ನು ಅಕ್ಕ ಫೋನಿನಲ್ಲಿ ನೋಡಿದ್ದಳೇ ಹೊರತು ಮುಟ್ಟಿರಲಿಲ್ಲ. ಅವನಿಗೆ ಐದು ತುಂಬಿದೆ. ಐದು ತುಂಬಿದ ಮಗುವನ್ನು ಇಲ್ಲಿ ಶಾಲೆ ತಪ್ಪಿಸಿ ಎಲ್ಲಿಗೂ ಕರೆದೊಯ್ಯುವಂತಿಲ್ಲ. ರಜೆಯ ಅರ್ಜಿಯಲ್ಲಿ ಮದುವೆಗೆ ಜಾಗವಿದೆ, ಸಾವಿಗೆ ಜಾಗವಿದೆ, ಕಾಫಿ ಹೂವಿಗಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಬುಧವಾರ ವಾಣಿಗೆ ಅಕ್ಕನ ಫೋನ್ ಬಂತು. "ಹೂಮಳೆ ಆಯ್ತು ಕಣೇ."

"ಟಿಕೆಟ್ ಮಾಡು," ಎಂದೆ ನಾನು ವಾಣಿಗೆ. "ಸೋಮವಾರ ಸ್ಕೂಲಿಗೆ ಫೋನ್ ಮಾಡಿ ಮಗೂಗೆ ಜ್ವರ ಅನ್ನು. ಯಾರಪ್ಪನ ಮನೆ ಗಂಟು ಹೋಗುತ್ತೆ?"

ಅವಳ ಗಂಡ ವಿಜಯೇಂದ್ರ ಗೊಣಗಿದ, ಕೊನೆಗೆ ಒಪ್ಪಿದ. ಶನಿವಾರ ಬೆಳಗ್ಗೆ ವಿಮಾನ. ಅಕ್ಕನಿಗೆ ಉಣ್ಣೆಯ ಶಾಲು ಸೂಟ್‌ಕೇಸ್ ಸೇರಿತು. ಎಲ್ಲರ ಬಾಯಿಗೂ ಬೀಗ ಹಾಕಿದೆವು, ಒಂದನ್ನು ಬಿಟ್ಟು.

ಶುಕ್ರವಾರ ಶಾಲೆ ಬಿಟ್ಟಾಗ ವಾಣಿಯ ಜೊತೆ ನಾನೂ ಗೇಟಿನಲ್ಲಿದ್ದೆ. ಚಿರು ಬಾಗಿಲಲ್ಲಿ ನಿಂತಿದ್ದ ಟೀಚರಮ್ಮನ ಕೈ ಕುಲುಕಿ, ಆಮೇಲೆ ಬಗ್ಗಿ ಕಾಲು ಮುಟ್ಟಿದ. ನಾಳೆ ವಿಮಾನದಲ್ಲಿ ದೊಡ್ಡಮ್ಮನ ಊರಿಗೆ ಹೋಗಿ, ಹೂವು ನೋಡಿಕೊಂಡು ಬರುತ್ತೇನೆ ಎಂದು ಸ್ಪಷ್ಟ ಡಚ್ಚಿನಲ್ಲಿ ಹೇಳಿದ. ಹಿರಿಯರಿಗೆ ಹೇಳದೆ ಹೊರಡಬಾರದು ಎಂದು ಅವನಿಗೆ ಕಲಿಸಿದವಳು ವಾಣಿ. ವಾಣಿಗೆ ಕಲಿಸಿದವಳು ಅಕ್ಕ.

ಟೀಚರಮ್ಮ ಒಳ್ಳೆಯವಳು. ನಗುತ್ತಲೇ ಬಂದಳು, ನಗುತ್ತಲೇ ಅನುಮತಿ ಪತ್ರ ಕೇಳಿದಳು. ಇಲ್ಲವೆಂದಾಗ ನಗು ನಿಂತಿತು. ಹೋದರೆ ಹಾಜರಾತಿ ಅಧಿಕಾರಿಗೆ ತಿಳಿಸಲೇಬೇಕಾಗುತ್ತದೆ, ದಂಡ ಬೀಳುತ್ತದೆ ಎಂದಳು.

"ಮುಂದಿನ ತಿಂಗಳು ನಾವು ಇಲ್ಲಿರೋ ಪರ್ಮಿಟ್ ರಿನ್ಯೂವಲ್ ಇದೆ. ರಿಸ್ಕ್ ಬೇಡ ವಾಣಿ," ಎಂದು ವಿಜಯೇಂದ್ರ ಟಿಕೆಟ್ ಕ್ಯಾನ್ಸಲ್ ಮಾಡಿದ.

"ಚಿರೂನ ನಾನು ನೋಡ್ಕೋತೀನಿ, ನೀನೊಬ್ಳೇ ಹೋಗ್ಬಾ," ಎಂದೆ.

"ಅಕ್ಕ ಕಾಯ್ತಿರೋದು ಇವನಿಗೆ ಕಣೇ. ಬರೀ ಕೈಯಲ್ಲಿ ಹೋಗಿ ಏನ್ ಮುಖ ತೋರಿಸ್ಲಿ?"

ಸೋಮವಾರ ಅವಳು ಎಂದಿನಂತೆ ಕೆಲಸಕ್ಕೆ ಹೋದಳು. ಸಂಜೆ ಬಂದು, "ಆ ಗಾಜಿನ ಕೆಳಗೆ ಉಸಿರು ಕಟ್ಟುತ್ತೆ. ಅಷ್ಟು ಹೂವಲ್ಲಿ ಒಂದಕ್ಕೂ ವಾಸನೆ ಇಲ್ಲ," ಎಂದು ಅತ್ತಳು. ನನಗೆ ಬೈದಿದ್ದರೆ ವಾಸಿಯಿತ್ತು.

ಒಂಬತ್ತನೇ ದಿನ ಗಿರಿಜಕ್ಕ ಫೋನಿನಲ್ಲಿ ತೋಟ ತೋರಿಸಿದಳು. ಚಿರು ಮುಖ ಸಣ್ಣಗೆ ಮಾಡಿಕೊಂಡು, "ಸಾರಿ ದೊಡ್ಡಮ್ಮ, ನಾನು ಟೀಚರ್‌ಗೆ ಹೇಳ್ಬಿಟ್ಟೆ," ಎಂದ.

"ಹೇಳಿದ್ದು ಸರಿ ಮಗಾ. ಹೇಳ್ದೆ ಹೊರಟಿದ್ರೆ ನಾನೇ ಕಿವಿ ಹಿಂಡ್ತಿದ್ದೆ."

ಮಾರ್ಚ್ ಮೂವತ್ತೊಂದಕ್ಕೆ ಅಕ್ಕ ಮನೆಯ ಬೀಗದಕೈ ಒಪ್ಪಿಸಿ, ಹಾಸನದಲ್ಲಿರುವ ತನ್ನ ಮಗನ ಮನೆಗೆ ಹೋಗುವ ಬಸ್ಸಿಗೆ ಕಾಯುತ್ತ ಮತ್ತೆ ಫೋನ್ ಮಾಡಿದಳು.

"ಮನೆಗೆ ಹೇಳಿ ಬಂದ್ಯಾ ಅಕ್ಕ?" ಎಂದಳು ವಾಣಿ.

"ಹ್ಞೂಂ. ಹೊಸ್ತಿಲು ಮುಟ್ಟಿ, ಹೋಗ್ಬರ್ತೀನಿ ಅಂದೆ. ಬರಲ್ಲ ಅಂತ ಗೊತ್ತು. ಆದ್ರೂ ಹೋಗ್ತೀನಿ ಅನ್ನೋಕೆ ಬಾಯಿ ಬರಲಿಲ್ಲ."